ಹನ್ನೊಂದು ಜನರ ಇಸಿಜಿ

ಮಾರ್ಚ್ ಆರರಂದು ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಆ ಹೆಂಗಸು ಅಣ್ಣನ ಜೊತೆ ಠಾಣೆಗೆ ಬಂದಳು. ಹಿಂದಿನ ಮಧ್ಯಾಹ್ನ ಅವಳ ಗಂಡ ಕಾರ್ಖಾನೆಯಲ್ಲಿ, ಲೋಹದ ಬಿಡಿಭಾಗಗಳ ಜಿಡ್ಡು ತೊಳೆಯುವ ತೊಟ್ಟಿಯ ಪಕ್ಕ ಕುಸಿದು ಸತ್ತಿದ್ದ. ವಯಸ್ಸು ಮೂವತ್ತನಾಲ್ಕು. ಹೃದಯಾಘಾತವೆಂದು ಹೇಳಿ ಕಾರ್ಖಾನೆಯವರು ಕೈತೊಳೆದುಕೊಂಡಿದ್ದರು. ಅವಳು ಹೇಳಿದ್ದನ್ನು ಅಣ್ಣ ದೂರಾಗಿ ಬರೆದ. ಅವನು ಅದೇ ಕಾರ್ಖಾನೆಯ ಚಿಕಿತ್ಸಾ ಕೋಣೆಯ ಕಾಂಪೌಂಡರ್.

"ಯಾರ ಮೇಲಾದ್ರೂ ಅನುಮಾನ ಇದೆಯಾ?" ಇನ್ಸ್‌ಪೆಕ್ಟರ್ ಕೇಳಿದರು.

"ಗೊತ್ತಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ ಸಾರ್? ಯಾರೇ ಆಗಿರ್ಲಿ, ಬಿಡಬೇಡಿ."

ಎಫ್ಐಆರ್ ದಾಖಲಾಯಿತು. ಹನ್ನೆರಡೂವರೆಗೆ ಸ್ಥಳ ಪಂಚನಾಮೆ. ತೊಳೆದ ಭಾಗಗಳ ಮೇಲೆ ಧೂಳು ಕೂರಬಾರದೆಂದು ಶೆಡ್ಡಿನ ಕಿಟಕಿಗಳಿಗೆ ಮೊಳೆ ಹೊಡೆದಿದ್ದರು. ಹೊಗೆ ಹೀರುವ ಫ್ಯಾನಿಗೆ ಬೆಲ್ಟ್ ಇರಲಿಲ್ಲ. ದ್ರಾವಕದ ಸಿಹಿ ವಾಸನೆ ಗಂಟಲಿಗೆ ಅಂಟುತ್ತಿತ್ತು. ಹೆಡ್ ಕಾನ್‌ಸ್ಟೇಬಲ್ ಹತ್ತೇ ನಿಮಿಷದಲ್ಲಿ ತಲೆ ಹಿಡಿದುಕೊಂಡು ಹೊರಬಂದು, ಇನ್ನು ಮೇಲೆ ಠಾಣೆಯ ಶೌಚಾಲಯವನ್ನು ಬೈಯುವುದಿಲ್ಲ ಎಂದ. ಗೂಟಕ್ಕೆ ನೇತುಹಾಕಿದ್ದ ಸತ್ತವನ ಅಂಗಿಯ ಜೇಬಿನಲ್ಲಿ ಎರಡು ಬಗೆಯ ಮಾತ್ರೆಗಳಿದ್ದವು: ಒಂದು ಮೈತುರಿಕೆಗೆ, ಇನ್ನೊಂದು ಕೆಮ್ಮಿನ ಸೋಂಕಿಗೆ. ಎರಡನ್ನೂ ಚಿಕಿತ್ಸಾ ಕೋಣೆಯಿಂದಲೇ ಕೊಟ್ಟಿದ್ದರು.

ಮರಣೋತ್ತರ ಪರೀಕ್ಷೆಯಲ್ಲಿ ಹೃದಯದ ರಕ್ತನಾಳಗಳು ಎಲ್ಲೂ ಕಟ್ಟಿಕೊಳ್ಳದೆ ಶುಭ್ರವಾಗಿದ್ದವು. ಐದು ವಾರದ ಮೇಲೆ ಬಂದ ಪ್ರಯೋಗಾಲಯದ ವರದಿಯಂತೆ ರಕ್ತದಲ್ಲಿ ದ್ರಾವಕವೂ ಇತ್ತು, ಎರಡೂ ಮಾತ್ರೆಗಳ ಅಂಶವೂ ಇತ್ತು.

ಸರ್ಕಾರಿ ಆಸ್ಪತ್ರೆಯ ಹೃದ್ರೋಗ ವೈದ್ಯೆ ವರದಿ ಓದಿ ಕನ್ನಡಕ ತೆಗೆದಿಟ್ಟರು. ಈ ಆವಿ ಹೃದಯವನ್ನು ಕೆರಳಿಸುತ್ತದೆ, ಈ ಎರಡು ಮಾತ್ರೆ ಸೇರಿದರೆ ಬಡಿತದ ಲಯ ಹದಗೆಡಬಹುದು, ಮೊದಲೇ ಲಯ ಸರಿಯಿಲ್ಲದವನಿಗೆ ಮೂರೂ ಸೇರಿದರೆ ಹೃದಯ ನಿಂತೇ ಹೋಗಬಹುದು ಎಂದರು.

"ಲಯ ತಪ್ಪಿ ಸತ್ತವನ ಎದೆ ಬಗೆದರೂ ಏನೂ ಕಾಣಿಸಲ್ಲ. ಬದುಕಿದ್ದಾಗ ತೆಗೆದ ಇಸಿಜಿ ಇದ್ರೆ ತನ್ನಿ."

ಸತ್ತವನೂ ಸೇರಿ, ತೊಟ್ಟಿಯ ಬಳಿ ದುಡಿಯುವ ಹನ್ನೊಂದು ಜನರ ವಾರ್ಷಿಕ ತಪಾಸಣೆಯ ಕಡತವನ್ನು ಇನ್ಸ್‌ಪೆಕ್ಟರ್ ವಶಪಡಿಸಿಕೊಂಡು ತಂದರು. ವೈದ್ಯೆ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಮತ್ತೆ ಮೊದಲಿನಿಂದ ತಿರುವಿದರು. ಹನ್ನೊಂದು ಹಾಳೆಗಳಲ್ಲೂ, ಪ್ರತಿ ಬಡಿತದ ಗೆರೆಯ ತುದಿಯಲ್ಲಿ ಒಂದೇ ತರಹದ ಸಣ್ಣ ಸೀಳು. ಹುಟ್ಟಿನಿಂದ ಬರುವಂಥದ್ದು, ಅಪಾಯವಿಲ್ಲದ್ದು.

"ಹನ್ನೊಂದು ಹೆಸರು ಇವೆ. ಎದೆ ಒಂದೇ."

ಉಳಿದ ಹತ್ತು ಜನರನ್ನೂ ಆಸ್ಪತ್ರೆಗೆ ಕರೆಸಿದರು. ಯಾರಲ್ಲೂ ಆ ಸೀಳು ಇರಲಿಲ್ಲ. ಮೂವರ ಲಯ ಆಗಲೇ ಕೆಟ್ಟಿತ್ತು. ಕೊನೆಗೆ ಇನ್ಸ್‌ಪೆಕ್ಟರ್, ಕಾರ್ಖಾನೆಯಲ್ಲಿ ಇಸಿಜಿ ತೆಗೆಯುತ್ತಿದ್ದ ಕಾಂಪೌಂಡರನನ್ನು ಕರೆಸಿ, ಮಲಗಲು ಹೇಳಿದರು. ಅವನು ಅಂಗಿ ಬಿಚ್ಚಿ, ಅಚ್ಚುಕಟ್ಟಾಗಿ ಮಡಿಸಿಟ್ಟು ಮಲಗಿದ. ಯಂತ್ರದಿಂದ ಕಾಗದ ಹೊರಬರುತ್ತಿದ್ದಷ್ಟು ಹೊತ್ತೂ ಸೂರು ನೋಡುತ್ತಿದ್ದ.

"ಹನ್ನೊಂದೂ ನಂದೇ ಸಾರ್," ಎಂದ.

ಹೇಳಿಕೆ ದೀರ್ಘವಾಗಿರಲಿಲ್ಲ. ಹಿಂದಿನ ವರ್ಷ ಅವನು ಲಯ ತಪ್ಪಿದ್ದ ಇಬ್ಬರ ಇಸಿಜಿಯನ್ನು ಇದ್ದಂತೆಯೇ ಮಾಲೀಕನಿಗೆ ಕಳುಹಿಸಿದ್ದ. ಆ ವಾರವೇ ಇಬ್ಬರಿಗೂ ಕೆಲಸ ಹೋಯಿತು. ಫ್ಯಾನಿಗೆ ಬೆಲ್ಟ್ ಬರಲಿಲ್ಲ. ಅವರಲ್ಲೊಬ್ಬ ಮತ್ತೆ ಕೆಲಸ ಸಿಗದೆ ನೇಣು ಹಾಕಿಕೊಂಡ. ಈ ವರ್ಷ ತಂಗಿಯ ಗಂಡನ ಗೆರೆ ವಕ್ರವಾಗಿ ಬಂದಾಗ, ಕಾಂಪೌಂಡರ್ ಬಾಗಿಲು ಹಾಕಿ ತಾನೇ ಮಲಗಿದ. ಒಬ್ಬನಿಗೆ ಮಾಡಿದ್ದನ್ನು ಉಳಿದವರೂ ಕೇಳಿ ಪಡೆದರು. ಕಡತದಲ್ಲಿ ತಂಗಿಯ ಗಂಡನ ಹೃದಯಕ್ಕೆ ದೋಷವಿಲ್ಲವೆಂದು ತೋರಿಸಿದ್ದವನು, ಆಮೇಲೆ ಆ ಕಡತವನ್ನೇ ನಂಬಿದವನಂತೆ ಅವನ ಕೆಮ್ಮಿಗೂ ತುರಿಕೆಗೂ ಧೈರ್ಯವಾಗಿ ಮಾತ್ರೆ ಕೊಟ್ಟ. ಹೃದಯದ ತೊಂದರೆಯಿದ್ದವರಿಗೆ ಕೊಡಬಾರದೆಂದು ಡಬ್ಬಿಯ ಮೇಲೇ ಬರೆದಿತ್ತು.

ಏಪ್ರಿಲ್ ಹದಿನಾರು, ಸಂಜೆ ನಾಲ್ಕೂ ಹತ್ತಕ್ಕೆ ಬಂಧನ. ಮಾಲೀಕನ ಹೆಸರನ್ನೂ ಆರೋಪಿಗಳ ಪಟ್ಟಿಗೆ ಸೇರಿಸಿದರು. ಅವನು ಆಗಲೇ ನಿರೀಕ್ಷಣಾ ಜಾಮೀನು ಪಡೆದಿದ್ದ. ಬಂಧನದ ಸುದ್ದಿಯನ್ನು ಹತ್ತಿರದ ಸಂಬಂಧಿಗೆ ತಿಳಿಸಿ ಸಹಿ ಪಡೆಯಬೇಕು. ಕಾಂಪೌಂಡರನಿಗೆ ಇದ್ದವಳು ಒಬ್ಬಳೇ. ಹೆಡ್ ಕಾನ್‌ಸ್ಟೇಬಲ್ ದೂರುದಾರಳನ್ನೇ ಕರೆದುಕೊಂಡು ಬಂದ.

ಅವಳು ಕಾಗದವನ್ನು ಎರಡು ಸಲ ಓದಿದಳು.

"ನಂಗ್ಯಾಕೆ ಹೇಳ್ಲಿಲ್ಲ ಅಣ್ಣ?"

"ನಿಂಗೆ ಹೇಳ್ಬೇಡ ಅಂತ ನಿನ್ ಗಂಡಾನೇ ನನ್ ಕೈ ಹಿಡ್ಕೊಂಡಿದ್ದ ಕಣಮ್ಮ."

ಇನ್ಸ್‌ಪೆಕ್ಟರ್ ಹೊರಗೆ ಹೋಗಿ ನಿಂತರು. ಹಿಂತಿರುಗಿ ಬಂದಾಗ ಸಹಿ ಆಗಿತ್ತು. ಆರೋಪಿಗೆ ಏನಾಗಬೇಕು ಎಂಬ ಜಾಗದಲ್ಲಿ ಅವಳು 'ತಂಗಿ' ಎಂದು ಬರೆದಿದ್ದಳು.