ಬಂಡಮ್ಮನ ಅಕ್ಕನ ಪಟ

“ನಾ ಹೇಳಿದ್ದಷ್ಟೇ ಬರೀರಿ ಸಾಹೇಬ್ರ. ಜೀವಂತ ಇದ್ದೋರ ಗುರ್ತು ಒಂದೂ ಕೂಡಸಬ್ಯಾಡ್ರಿ. ಭಾನಾಮತಿ ಮಾಡೋರು ಮೊದ್ಲ ಕೇಳೋದೇ ಮೈಮ್ಯಾಗಿನ ಗುರ್ತು.”

ಕಮಲಾಪುರದ ಬಂಡಮ್ಮ ಹೀಗೆಂದಾಗ ಗೌತಮ ನಕ್ಕುಬಿಟ್ಟ. ದಾವಣಗೆರೆಯಿಂದ ಸೇಡಂ ರಸ್ತೆಯ ಈ ಸ್ಟುಡಿಯೋಕ್ಕೆ ಬಂದು ಅವನಿಗೆ ಎರಡು ತಿಂಗಳಾಗಿತ್ತು. ಫೋಟೋ ಇಲ್ಲದೆ ತೀರಿಕೊಂಡವರ ಚಹರೆಯನ್ನು ಮನೆಯವರಿಂದ ಕೇಳಿ, ಎಐಗೆ ಬರೆದುಕೊಟ್ಟು, ಗೋಡೆಯ ಪಟ ಮಾಡಿಕೊಡುವುದು ಅವನ ಕೆಲಸ.

“ಮಾಟ ಕಂಪ್ಯೂಟರಿಗೂ ತಗಲುತ್ತಾ ಅಜ್ಜಿ?”

“ನಗ್ರಿ, ನಗ್ರಿ. ಹಲ್ಲು ಛಂದ ಅವ.”

ನಲವತ್ತು ವರ್ಷದ ಹಿಂದೆ ಸತ್ತ ಅಕ್ಕ ಭಾಗಮ್ಮನ ಪಟ ಬೇಕಿತ್ತು ಅವಳಿಗೆ. ಅಗಲ ಹಣೆ, ವಿಭೂತಿ, ಉದ್ದ ಮೂಗು, ಹಸಿರು ಸೀರೆ. ಅಲ್ಲಿಗೆ ನೆನಪು ನಿಂತಿತು. ಪರದೆಯ ಮೇಲೆ ಬಂದ ಮುಖಗಳೆಲ್ಲ ನುಣ್ಣಗೆ, ಜೀವವಿಲ್ಲದೆ, ಒಂದರಂತೆ ಒಂದು. “ಇಕಿ ಅಲ್ರಿ,” ಎನ್ನುತ್ತಲೇ ಅವಳು ಬಸ್ಸಿಗೆ ಹೊರಟಳು.

ಲಕ್ಷಾಂತರ ಮುಖಗಳ ಸರಾಸರಿ ಅದು, ಸರಾಸರಿಗೆ ಗುರುತಿರುವುದಿಲ್ಲ. ಗೌತಮ ತನ್ನ ಹೆಂಡತಿ ತ್ರಿವೇಣಿಯನ್ನು ನೆನೆದು ಬರೆದ: ಎಡಗಣ್ಣಿನ ಕೆಳಗೆ ಮಚ್ಚೆ, ಗಲ್ಲದ ಮೇಲೆ ಹಳೆಯ ಗಾಯದ ಗೆರೆ, ನಡುವೆ ತುಂಡಾದ ಬಲಹುಬ್ಬು. ಮುಖಕ್ಕೆ ಥಟ್ಟನೆ ಜೀವ ಬಂತು.

ಮರುದಿನ ಬಂಡಮ್ಮ ಅದನ್ನು ಎದೆಗವಚಿಕೊಂಡಳು. “ನಮ್ಮಕ್ಕನೇ!” ತಾನು ಹೇಳದ ಗುರುತುಗಳು ಎಲ್ಲಿಂದ ಬಂದವೆಂದು ಮಾತ್ರ ಕೇಳಲಿಲ್ಲ. ಅದು ಅವನಿಗೆ ವಿಚಿತ್ರವೆನಿಸಿತು.

ಮೂರನೆಯ ದಿನ ಮಧ್ಯಾಹ್ನ ಕುಸನೂರಿನ ತನ್ನ ಬಾಡಿಗೆ ಮನೆಯ ಬಾಗಿಲು ತೆರೆದರೆ ಹಸಿಮಣ್ಣಿನ ವಾಸನೆ. ವಿಭೂತಿಯ ಘಾಟು. ತ್ರಿವೇಣಿ ಗೋಡೆಗೊರಗಿ, ಸಮಾಧಿಯಲ್ಲಿ ಕೂರಿಸಿದ ಹೆಣದಂತೆ ಪದ್ಮಾಸನ ಹಾಕಿದ್ದಳು. ಮಚ್ಚೆ ಇರಲಿಲ್ಲ. ಗಲ್ಲ ನುಣುಪಾಗಿತ್ತು. ಹುಬ್ಬು ಕೂಡಿಕೊಂಡಿತ್ತು. ಕರೆದರೆ ಕಣ್ಣು ಅಲುಗಲಿಲ್ಲ.

ಅವನು ಬಂಡಮ್ಮನಿಗೆ ಫೋನು ಮಾಡಿದ. “ಆ ಪಟ ಸುಟ್ಟುಬಿಡಿ!”

“ಅಕ್ಕ ನಿನ್ನಿಯಿಂದ ಕಣ್ಣು ಮಿಟಕಸ್ಲಾಕತ್ತಾಳ್ರಿ,” ಎಂದಳು ಮುದುಕಿ ಮೆಲ್ಲಗೆ. “ನಲವತ್ತು ವರ್ಷ ಆತು ಅಕಿನ್ನ ನೋಡಿ. ನಾ ಸುಡಂಗಿಲ್ಲ.”

ಮನೆಯೊಡತಿ ವಿದ್ಯಾವತಿಯನ್ನು ತ್ರಿವೇಣಿಯ ಬಳಿ ಕೂರಿಸಿ ಅವನು ಬೈಕು ಹತ್ತಿದ. ಕಮಲಾಪುರದ ಮುದುಕಿಯ ಮನೆಯಲ್ಲಿ ಕೆಂಪು ಬಾಳೆಹಣ್ಣು ಮಾಗಿ ಕೊಳೆತ ವಾಸನೆ. ಬಂಡಮ್ಮ ತಡೆಯಲಿಲ್ಲ. ಹೊಸ್ತಿಲಲ್ಲಿ ಸರಿದು ನಿಂತು ದಾರಿ ಬಿಟ್ಟಳು.

ಪಟ ಕಿತ್ತ. ಚೌಕಟ್ಟು ಒಡೆದ. ಕಾಗದ ಬೆಚ್ಚಗಿತ್ತು. ಕಡ್ಡಿ ಗೀರಿದ. ಮೂಲೆಗೆ ಹಿಡಿದ. ಉರಿ ಹಸಿರು ಸೀರೆಯ ಸೆರಗಿಗೆ ಏರಿತು.

ಫೋನು ಹೊಡೆದುಕೊಂಡಿತು. ಸ್ಪೀಕರ್ ಒತ್ತಿದ. ವಿದ್ಯಾವತಿ ಚೀರುತ್ತಿದ್ದಳು. “ಗೌತಮ್ ಅವ್ರ! ತ್ರಿವೇಣಿ ಸೆರಗಿಗಿ ಬೆಂಕಿ ಹತ್ಯಾದ್ರಿ! ತಾನೇ ಹತ್ಯಾದ! ನೀರು ಹಾಕಿದ್ರೂ ಆರವಲ್ದು!”

ಗೌತಮ ಉರಿಯನ್ನು ಬರಿಗೈಯಲ್ಲೇ ಅಮುಕಿದ. ಚರ್ಮ ಸುಟ್ಟಿತು. ಬಿಡಲಿಲ್ಲ. ಅಮುಕಿದ. ಅತ್ತ ಫೋನಿನಲ್ಲಿ ಚೀರಾಟ ನಿಂತು ವಿದ್ಯಾವತಿಯ ಏದುಸಿರು ಕೇಳಿಸಿತು. “ಆರ್‍ತು... ಆರ್‍ತ್ರಿ.”

ಬಂಡಮ್ಮ ಹತ್ತಿರ ಬಂದು ಅವನ ಬೊಬ್ಬೆಯೆದ್ದ ಕೈಗಳಿಂದ ಪಟ ಬಿಡಿಸಿಕೊಂಡಳು. ಮಸಿಯನ್ನು ಸೆರಗಿನಿಂದ ಒರೆಸಿದಳು.

“ಸಾವಕಾಶ ಹಿಡೀರಿ ಸಾಹೇಬ್ರ. ಇದ್ರಾಗೀಗ ಇಬ್ಬರ ಜೀವ ಅದ.”