ಕೈಗೆಟುಕದ ಜಾಗ

ಹೆಣ್ಣು ನೋಡಲು ಬಂದ ಜಸೀಲ್ ಉನ್ನಕ್ಕಾಯಿ ಎಂಬ ಬಾಳೆಹಣ್ಣಿನ ಸಿಹಿತಿಂಡಿಯ ತಟ್ಟೆಯ ಮೇಲೆಯೇ ಬಿದ್ದ!

ತಪ್ಪು ಹಫ್ಸಾಳದೇ. "ಮೊದಲೇ ಹೇಳಿಬಿಡ್ತೀನಿ. ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ. ಈ ಪಂಪು ಹಗಲೂ ರಾತ್ರಿ ಇನ್ಸುಲಿನ್ ಬಿಡ್ತಾ ಇರುತ್ತೆ. ಮದುವೆಯಾದ್ರೆ ಇದೂ ನಮ್ಮ ಜೊತೆಗೇ ಮಲಗುತ್ತೆ" ಎಂದು ಅದನ್ನು ಮೇಜಿನ ಮೇಲಿಟ್ಟು, ಜೊತೆಗೆ ಹೊಸ ಸೂಜಿಯನ್ನೂ ತೋರಿಸಿದ್ದಳು. ಸೂಜಿ ಕಂಡದ್ದೇ ತಡ...

ಎಚ್ಚರವಾದಾಗ ಮೀಸೆಯಲ್ಲಿ ಗೋಡಂಬಿ ಚೂರು. ಅವನ ಮೊದಲ ಮಾತು, "ನಂಗೊಪ್ಪಿಗೆ."

ಈಗ ಹಫ್ಸಾಳಿಗೆ ಎಂಟನೇ ತಿಂಗಳು.

ತಲಶ್ಶೇರಿಯ ಅವರ ಮನೆತನಗಳಲ್ಲಿ ಗಂಡನೇ ಹೆಂಡತಿಯ ಮನೆಗೆ ಬರುತ್ತಾನೆ. ಹಗಲೆಲ್ಲ ಅಂಗಡಿ ಮತ್ತು ತಾಯಿಮನೆ, ಸಂಜೆ ಅತ್ತೆಯ ಊಟ. ತಲೆ ನರೆತರೂ ಆ ಮನೆಗೆ ಅವನು ಪುದಿಯಾಪ್ಲ, ಅಂದರೆ ಹೊಸ ಅಳಿಯ.

ಆ ಪುದಿಯಾಪ್ಲ ಕೆಲವು ಸಂಜೆಗಳಿಂದ ಬಂದಿರಲಿಲ್ಲ!

"ನನ್ನ ಪತ್ತಿರಿ ರೊಟ್ಟಿ ಗಟ್ಟಿಯಾಗಿತ್ತೇನೋ ಮೋಳೇ..." ಎಂದು ಹಫ್ಸಾಳ ತಾಯಿ ಕದೀಸುಮ್ಮ ಕಂಗಾಲಾದರು. ಅಳಿಯ ಮುನಿದನೆಂದರೆ ಅವರಿಗೆ ಗೊತ್ತಿದ್ದ ಮದ್ದು ಒಂದೇ. ದಿನವೂ ಅವನ ಅಂಗಡಿಗೆ ಡಬ್ಬಿ ತುಂಬ ಮೊಟ್ಟೆಯ ಸಿಹಿ ಮುಟ್ಟಮಾಲೆ ಕಳಿಸತೊಡಗಿದರು.

ಕಾರಣ ಹಫ್ಸಾಳಿಗೆ ಗೊತ್ತಿತ್ತು. ಬಿಗಿದ ಹೊಟ್ಟೆಯ ಮೇಲೆ, ಸೂಜಿಯಿಂದ ಚುಚ್ಚಿ ಕೂರಿಸುವ ಪಂಪಿನ ನಳಿಗೆ ನಿಲ್ಲುತ್ತಿರಲಿಲ್ಲ. "ಸೊಂಟದ ಹಿಂದೆ ಹಾಕಿಸ್ಕೊಳ್ಳಿ" ಎಂದರು ಡಾಕ್ಟರು. ಅಲ್ಲಿಗೆ ಅವಳ ಕೈ ಎಟುಕದು. ಉಮ್ಮ ಕದೀಸುಮ್ಮನೇ ಸೂಜಿ ಹಿಡಿದರು, ಆದರೆ ಕಣ್ಣು ಮುಚ್ಚಿಕೊಂಡು! ಜಸೀಲನ ಕೈಗೆ ಕೊಟ್ಟರೆ ಅವನು ಬಿಳಿಚಿಕೊಂಡು, "ನನ್ನಿಂದಾಗಲ್ಲ ಹಫ್ಸಾ" ಎಂದವನೇ ಮೆಟ್ಟಿಲಿಳಿದುಹೋಗಿದ್ದ.

ಆಮೇಲೆ ಬರುತ್ತಿದ್ದುದು ಒಂದೇ ಸಂದೇಶ: 'ಸಕ್ಕರೆ ಎಷ್ಟು?'

ಅವಳು ಅಂಕಿಯನ್ನಷ್ಟೇ ಕಳಿಸುತ್ತಿದ್ದಳು. ಲೆಕ್ಕ ಬೇಕು, ನಾನು ಬೇಡ... ಸರಿ, ನನ್ನ ಮಗುವನ್ನು ನಾನೇ ಹೊತ್ತು ದಡ ಮುಟ್ಟಿಸ್ತೀನಿ!

ಒಂದು ಬೆಳಿಗ್ಗೆ ಹೊಟ್ಟೆಯ ಮೇಲಿನ ನಳಿಗೆ ಮತ್ತೆ ಕಿತ್ತುಬಂತು. ಸಕ್ಕರೆ ಏರಿತು, ಪಂಪು ಕೂಗಿಕೊಂಡಿತು. ಕನ್ನಡಿಗೆ ಬೆನ್ನು ಹಾಕಿ, ಕುತ್ತಿಗೆ ತಿರುಚಿ, ಬೆವರು ಸುರಿಸಿದಳು. ಊಹೂಂ. ಕಣ್ಣೀರು ಬಂತು. ಒರೆಸಿಕೊಂಡಳು. ನನ್ನ ಸಿಟ್ಟನ್ನ ಮಗು ಯಾಕೆ ಉಣ್ಣಬೇಕು?

ಸದ್ಯಕ್ಕೆ ಪೆನ್ನಿನಿಂದ ಇನ್ಸುಲಿನ್ ಚುಚ್ಚಿಕೊಂಡು, ಸೂಜಿ-ನಳಿಗೆಯ ಹೊಸ ಸೆಟ್ಟನ್ನು ಚೀಲಕ್ಕೆ ಹಾಕಿ, ಆಟೋ ಹತ್ತಿದಳು.

"ಬರೀ ಕೈಲಿ ಗಂಡನ ಮನೆಗಾ? ಒಂದು ತಟ್ಟೆ ತಿಂಡಿಯಾದ್ರೂ ಬೇಡ್ವೇನೇ!" ಉಮ್ಮ ಗೇಟಿನವರೆಗೂ ಓಡಿಬಂದರು.

"ತಿಂಡಿ ತಿನ್ನಿಸಿದ್ದು ಸಾಕು ಉಮ್ಮಾ!"

ಅಲ್ಲಿ ಬಾಗಿಲು ತೆರೆದೇ ಇತ್ತು. ಜಸೀಲ್ ಚಾಪೆಯ ಮೇಲೆ ಕಾಲು ಚಾಚಿ ಕೂತಿದ್ದ. ಅಂಗಿ ಎದೆಯವರೆಗೆ ಮೇಲೆದ್ದಿತ್ತು. ಅವನ ತಾಯಿ ಮರಿಯುಮ್ಮ ಬೀಸಣಿಗೆ ಬೀಸುತ್ತಿದ್ದರು. ಅವನ ಹೊಟ್ಟೆಯ ಮೇಲೆ ನಾಲ್ಕೈದು ಬಿಳಿ ಪಟ್ಟಿ, ಒಂದೊಂದರ ನಡುವೆಯೂ ಹಫ್ಸಾಳಿಗೆ ಹನ್ನೊಂದನೇ ವಯಸ್ಸಿನಿಂದ ಪರಿಚಯವಿದ್ದ ಅದೇ ಪುಟ್ಟ ನಳಿಗೆ!

"ಯಾ ಅಲ್ಲಾಹ್... ಇದೇನಿದು?"

ಉತ್ತರ ಮರಿಯುಮ್ಮನಿಂದ ಬಂತು. "ಆಸ್ಪತ್ರೆಯ ನರ್ಸಮ್ಮ ಕಲಿಯೋಕೆ ಕೊಟ್ಟದ್ದಂತೆ. ಮೊದಲ ದಿನ ಎರಡು ಸಲ ಬಿದ್ದ. ಇವತ್ತು ಬರೀ ಬೆವರ್ತಿದಾನೆ. ಸುಧಾರಿಸಿದ್ದಾನೆ ಬಿಡು."

ಬೀಸಣಿಗೆಯನ್ನು ಸೊಸೆಯ ಕೈಗಿತ್ತು ಅವರು ಒಳಗೆ ಹೋದರು.

"ನಂಗೆ ಹೇಳ್ಬಾರದಿತ್ತಾ ಇಕ್ಕ? ನಾನು ಏನೇನೋ ಅಂದ್ಕೊಂಡೆ..."

"ಏನಂತ ಹೇಳ್ಲಿ? ನೀನು ದಿನಾ ಮಾಡೋದನ್ನ ನೋಡೋಕೂ ನಂಗೆ ಧೈರ್ಯ ಇಲ್ಲ ಅಂತಲಾ?" ಅವನು ತಲೆ ತಗ್ಗಿಸಿದ. "ಕಲಿತೇ ಬರ್ತೀನಿ ಅಂತಿದ್ದೆ. ನಿನ್ನ ಮೈಮೇಲೆ ಕೈ ನಡುಗಿದ್ರೆ ನೋವಾಗೋದು ನಿಂಗೆ."

ಹಫ್ಸಾ ಸೆಟ್ಟನ್ನು ಅವನ ಕೈಗಿಟ್ಟು ಬೆನ್ನು ತಿರುಗಿಸಿ ಕೂತಳು.

ಒರೆಸಿದ ಮದ್ದಿನ ತಂಪು. ಅವನ ದೀರ್ಘ ಉಸಿರು. ಟಕ್!

"ನೋವಾಯ್ತಾ?"

"ಇಲ್ಲ... ನೀವು ನೆಟ್ಟಗಿದ್ದೀರಾ?"

"ಗೋಡೆ ಹಿಡ್ಕೊಂಡಿದ್ದೀನಿ."

ಅವಳು ಅಳುತ್ತಲೇ ನಕ್ಕಳು. ಪಂಪು ಮತ್ತೆ ಸದ್ದಿಲ್ಲದೆ ಕೆಲಸಕ್ಕೆ ತೊಡಗಿತು. ಚಾಪೆಯ ಮೇಲೆ ಕೂತೇ ಇಬ್ಬರೂ ಅಂಕಿ ಇಳಿಯುವುದನ್ನು ಕಾದರು. ಅದು ನಿಧಾನಕ್ಕೆ ಇಳಿಯಿತು. ಒಳಗಿನಿಂದ ಮಗು ಒಂದು ಒದೆ ಕೊಟ್ಟಿತು.

"ಹೆರಿಗೆ ಕೋಣೇಲಿ ಬೀಳಬಾರದು, ಹೇಳಿದ್ದೀನಿ."

ಜಸೀಲ್ ಅವಳ ಹೊಟ್ಟೆಯ ಮೇಲೆ ಮೆಲ್ಲಗೆ ಕೈಯಿಟ್ಟ.

"ಬೀಳದೇ ಇರ್ತೀನಿ ಅಂತ ಮಾತು ಕೊಡಲಾರೆ ಹಫ್ಸಾ. ಆದ್ರೆ ಎದ್ದ ಮೇಲೆ ಮೊದಲು ಏನು ಹೇಳ್ತೀನಿ ಅಂತ ನಿಂಗೆ ಗೊತ್ತಲ್ಲ?"

"ಏನು?"

"ನಂಗೊಪ್ಪಿಗೆ."