ಒಬ್ಬರಿಗಾಗುವಷ್ಟು ಪುಡಿ

ಚಾಕು ನನ್ನ ಕುತ್ತಿಗೆಗೆ ತಾಗಿತ್ತು. ಜೋರಾಗಿ ಉಸಿರೆಳೆದರೂ ಚರ್ಮ ಸೀಳುತ್ತಿತ್ತು... ಅಷ್ಟು ಹತ್ತಿರ!

"ಹೊಸ ಔಷಧಿ ಎಲ್ಲೋ? ನಮ್ಮ ಯಜಮಾನ್ರಿಗೆ ಬೇಕು!"

ಬೋಳ. ಔಷಧಿ ದಲ್ಲಾಳಿಯೊಬ್ಬನ ಬಾಡಿಗೆ ಬಂಟ.

ಎದುರಿಗೆ, ಲ್ಯಾಬಿನ ಮೇಜಿಗೆ ಒರಗಿ ನಿಂತಿದ್ದವಳು ನನ್ನನ್ನು ಕಾವಲಿಗೆ ಕರೆಸಿದ್ದ ಸಂಶೋಧಕಿ. ಅವಳ ತಮ್ಮ ಆಸ್ಪತ್ರೆಯಲ್ಲಿದ್ದ. ರಕ್ತವೆಲ್ಲ ನಂಜು. ಯಾವ ಆ್ಯಂಟಿಬಯಾಟಿಕ್ ಕೊಟ್ಟರೂ ಬ್ಯಾಕ್ಟೀರಿಯಾದ ಎನ್‌ಜೈಮ್ ಅದನ್ನು ಕತ್ತರಿಯ ಹಾಗೆ ಕತ್ತರಿಸಿ ಬಿಸಾಡುತ್ತಿತ್ತು. ಆ ಕತ್ತರಿಯ ಬಾಯಿಗೇ ಸಿಕ್ಕಿಕೊಂಡು ಜಾಮ್ ಮಾಡುವ ಮದ್ದು ಇವಳು ತಯಾರಿಸಿದ್ದಳು.

ಬೋಳನ ಕಣ್ಣು ಮೂಲೆಯ ಫ್ರೀಜರ್ ಮೇಲೆ ಬಿತ್ತು. ಮೈನಸ್ ಎಂಬತ್ತು ಡಿಗ್ರಿ. ದೊಡ್ಡ ಬೀಗ.

"ಅದನ್ನ ಮುಟ್ಬೇಡಿ!" ಎಂದು ಕಿರುಚಿದಳು ಸಂಶೋಧಕಿ.

ಬೋಳನಿಗೆ ಅಷ್ಟು ಸಾಕಾಯಿತು. ನನ್ನನ್ನು ನೆಲಕ್ಕೆ ಕೆಡವಿ ಬೀಗ ಒಡೆದ. ಹಿಮ ಕಟ್ಟಿದ ಡಬ್ಬಿಯನ್ನು ಅವಚಿಕೊಂಡು ಓಡಿದ.

"ಎಲ್ಲಾ ಹೋಯ್ತಲ್ಲಮ್ಮ!"

"ಅದು ಬರೀ ಎನ್‌ಜೈಮ್, ಅಣ್ಣ. ಪರೀಕ್ಷೆಗೆ ಅಂತ ವರ್ಷಗಟ್ಟಲೆ ಕೂಡಿಟ್ಟಿದ್ದು. ಚಳಿ ಬೇಕಾಗಿದ್ದು ಅದಕ್ಕೆ. ಮದ್ದು ಒಣಪುಡಿ... ಅದಕ್ಯಾಕೆ ಚಳಿ?" ಪೆನ್ನುಗಳ ಪಕ್ಕದಲ್ಲಿದ್ದ ಸಣ್ಣ ಸೀಸೆಯನ್ನು ಎತ್ತಿಕೊಂಡಳು. "ಇಷ್ಟೇ ಆಗಿರೋದು. ಒಬ್ಬರಿಗೆ ಸಾಲುತ್ತೆ."

ಕಾಳು ಬಿಟ್ಟು ಹೊಟ್ಟು ಹೊತ್ತಿದ್ದ ಬೋಳ!

ಅವಳನ್ನು ಹಿಂದೆ ಕೂರಿಸಿಕೊಂಡು ಆಸ್ಪತ್ರೆಯ ಕಡೆಗೆ ಬೈಕ್ ಓಡಿಸಿದೆ. ಸೇತುವೆ ದಾಟುವಷ್ಟರಲ್ಲಿ ಬೋಳನ ಕಾರು ಬೆನ್ನಿಗೆ ಬಿತ್ತು. ಅವನು ಕಳಿಸಿದ ಡಬ್ಬಿಯ ಫೋಟೊ ನೋಡಿ, ಇದಲ್ಲ ಎಂದು ಯಜಮಾನ ಉಗಿದಿರಬೇಕು.

"ಮೆಲ್ಲಗೆ ಅಣ್ಣ! ಸೀಸೆ ಒಡೆದೀತು!"

"ಮೆಲ್ಲಗೆ ಹೋದ್ರೆ ನಮ್ಮ ತಲೆ ಒಡೆಯುತ್ತೆ, ಹಿಡ್ಕೋ!"

ಕಾರಿನ ಮೂತಿ ಹಿಂದಿನ ಚಕ್ರಕ್ಕೆ ತಾಗಿತು. ಗಕ್ಕನೆ ಗೋದಾಮುಗಳ ಸಂದಿಗೆ ನುಗ್ಗಿದೆ. ಸಂದಿ ಬೈಕಿಗಷ್ಟೇ ಸಾಕು.

ಧಡಾರ್!

ತಿರುಗಿ ನೋಡಲಿಲ್ಲ.

ಆಸ್ಪತ್ರೆ. ವಾರ್ಡಿನಲ್ಲಿ ಆರು ಮಂಚ. ಆರರಲ್ಲೂ ಅದೇ ನಂಜು. ಇದನ್ನು ಅವಳು ನನಗೆ ಹೇಳಿರಲಿಲ್ಲ.

ಹಳೆಯ ಆ್ಯಂಟಿಬಯಾಟಿಕ್ ಜೊತೆ ಪುಡಿಯನ್ನೂ ಕರಗಿಸಿ ಡಾಕ್ಟರು ತಮ್ಮನ ನರಕ್ಕೆ ಇಳಿಸಿದರು. ಮರುದಿನ ಜ್ವರ ಇಳಿಯಿತು. "ಅಕ್ಕಾ, ನೀರು," ಎಂದ. ಅವಳು ಅವನ ಪಾದ ಹಿಡಿದುಕೊಂಡು ಅತ್ತಳು.

ಪಕ್ಕದ ಮಂಚದ ತಾಯಿ ನನ್ನ ತೋಳು ಹಿಡಿದಳು.

"ನನ್ನ ಮಗಳಿಗೂ ಒಂಚೂರು ಹಾಕ್ಸಪ್ಪ."

"ಮುಗೀತು ತಾಯಿ. ಮತ್ತೆ ಮಾಡೋಕೆ ತಿಂಗಳುಗಟ್ಟಲೆ ಬೇಕಂತೆ."

"ಆ ಸೀಸೆ ತೊಳೆದಾದ್ರೂ ಕೊಡಪ್ಪ..."

ಉಳಿದ ಮಂಚಗಳ ಬಳಿಯವರೂ ಎದ್ದು ಬಂದರು. ಬಾಗಿಲಿಗೆ ಅಡ್ಡ ನಿಂತರು.

ಇವರು ರೌಡಿಗಳಾಗಿದ್ದರೆ ನಾಲ್ಕು ಬಿಗಿದು ದಾರಿ ಮಾಡಿಕೊಳ್ಳುತ್ತಿದ್ದೆ.